ಎರಡಕ್ಕೂ ಮೂರಕ್ಕೂ ನಡುವೆ

ಕಲ್ಲುಗಳಿಗೆ ಇನ್ನೂ ಕಿವಿಗಳಿದ್ದ ಕಾಲದಲ್ಲಿ ಒಬ್ಬ ರಾಜನಿದ್ದನಂತೆ. ಎಲ್ಲ ರಾಜರಿಗೂ ಇರುವಂತೆ ಅವನಿಗೂ ಒಂದು ಕೋಟೆ, ಒಂದು ಖಜಾನೆ, ಒಂದು ಜೊತೆ ಮೀಸೆ. ದಿನಾ ಬೆಳಿಗ್ಗೆ ಅವನು ಒಳಗಿನ ಕೋಣೆಯಲ್ಲಿ ಕೂತು "ಬಾಗಿಲು ತೆಗೆಯಿರಿ" ಅನ್ನುತ್ತಿದ್ದ. ಓಲೆಕಾರರು ಆ ಮಾತನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಕೋಟೆಯ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಹೀಗಿರುವಾಗ ಬಾಗಿಲ ಹತ್ತಿರದ ಓಲೆಕಾರ ಒಂದು ದಿನ ಮಲಗಿದವನು ಏಳಲಿಲ್ಲ. ಆಮೇಲೆ ಅವನ ಹಿಂದಿನವನು. ಆಮೇಲೆ ಅವನ ಹಿಂದಿನವನು. ಕಡೆಗೆ ರಾಜನ ಮಾತು ರಾಜನ ಕೋಣೆಯಲ್ಲೇ ಉಳಿಯಿತು. ಹೊರಗಿನವರು ರಾಜ ಸತ್ತನೆಂದೇ ತಿಳಿದರು. ನೀರು ಹೊರುವ ಹುಡುಗಿಯೊಬ್ಬಳು ಮಾತ್ರ ಗೋಡೆಗೆ ಕಿವಿಯಿಟ್ಟು ಕೇಳಿದಳಂತೆ. ಓಡಿಹೋಗಿ ಬಾಗಿಲಿನವರಿಗೆ ಹೇಳಿದಳಂತೆ. ಬಾಗಿಲು ತೆರೆಯಿತಂತೆ.

ಇದು ನಮ್ಮ ಅಜ್ಜಿಯ ಕಥೆ. ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ರಾಜನನ್ನು ಅರ್ಧ ದಾರಿಯಲ್ಲೇ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ನಾನು ಹೂಂಗುಡುತ್ತಲೇ ಒಮ್ಮೆ ಕೇಳಿದ್ದೆ, "ಅಜ್ಜೀ, ಆ ಹುಡುಗಿಗೆ ತಪ್ಪಾಗಿ ಕೇಳಿಸಿದ್ರೆ?"

"ರಾಜನನ್ನೇ ಕೇಳಬೇಕು."

"ಅವನ ಮಾತು ಹೊರಗೇ ಬರಲ್ವಲ್ಲ?"

"ನಿನ್ನ ಹೊಟ್ಟೆ ತುಂಬಾ ಬರೀ ಪ್ರಶ್ನೆ. ಮಲಗು."

ಈಗ ನನ್ನ ಕೆಲಸ ಆ ನೀರು ಹೊರುವ ಹುಡುಗಿಯದೇ. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕೈಕಾಲಿನ ವ್ಯಾಯಾಮ ಮಾಡಿಸುವ ಹಾಲಿನ ಹಿಂದೆ, ನಮ್ಮದೊಂದು ಕೋಣೆಯಿದೆ. ಪಶ್ಚಿಮಕ್ಕೆ ಒಂದು ಕಿಟಕಿ, ಮೂಲೆಯಲ್ಲಿ ಕೈ ತೊಳೆಯುವ ಬೋಗುಣಿ, ಮೇಜಿನ ತುಂಬ ತಂತಿ. ಕೈಕಾಲು ಸ್ವಾಧೀನ ತಪ್ಪಿದವರ ತಲೆಗೆ ನಾನು ತೂತುತೂತಿನ ಬಟ್ಟೆಯ ಟೋಪಿ ಹಾಕುತ್ತೇನೆ, ಒಂದೊಂದು ತೂತಿಗೂ ತಣ್ಣನೆಯ ಅಂಟು ತುಂಬಿ ತಂತಿ ಸಿಕ್ಕಿಸುತ್ತೇನೆ. ಕೈ ಆಡುವುದಕ್ಕೆ ಮೊದಲೇ ಮೆದುಳು ಸಿದ್ಧವಾಗುತ್ತದೆ. ಆಗ ಪರದೆಯ ಮೇಲಿನ ಗೆರೆ ಮೆಲ್ಲಗೆ ತಗ್ಗಿಗೆ ಇಳಿಯುತ್ತದೆ, ಜಿಗಿಯುವ ಮೊದಲು ಮಂಡಿ ಬಗ್ಗಿಸಿದ ಹಾಗೆ. ಕೈ ಆಡಲಾಗದಿದ್ದರೂ ಆಡಿಸಬೇಕೆಂಬ ಮನಸ್ಸು ಬಂದರೆ ಸಾಕು, ಮಂಡಿ ಬಗ್ಗುತ್ತದೆ. ಆ ತಗ್ಗನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದರೆ, ಕೈಯ ಬದಲು ಒಂದು ಮೋಟಾರು ಆಡುತ್ತದೆ. ಹೇಳಲು ಇಷ್ಟೇ. ಆದರೆ ಆ ತಗ್ಗು ಎಷ್ಟು ಸಣ್ಣದೆಂದರೆ ರೋಗಿ ಒಮ್ಮೆ ಕಣ್ಣು ಮಿಟುಕಿಸಿದರೂ ಅದು ಕೊಚ್ಚಿಹೋಗುತ್ತದೆ.

ಈ ಸಲ ಟೋಪಿಯ ಕೆಳಗಿದ್ದವನು ನನ್ನ ಚಿಕ್ಕಪ್ಪ.

ಚಿಕ್ಕಪ್ಪ ಫೋಟೋಗ್ರಾಫರ್. ಪೇಟೆಬೀದಿಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಸ್ಟುಡಿಯೋ. ಊರಿನ ಅರ್ಧ ಜನರ ಮದುವೆ, ಎಲ್ಲರ ಪಾಸ್‌ಪೋರ್ಟ್ ಮುಖ, ಅವನ ಕೈಯಲ್ಲೇ ಆಗಿದ್ದು. ಚಿಕ್ಕಮ್ಮ ಅಲ್ಲಿ ದೀಪ ಹಿಡಿಯುವವಳು. "ಆಚೆ ಹಿಡಿ, ಮೇಲೆ ಹಿಡಿ, ನಿನ್ನ ನೆರಳು ಬೀಳ್ತಿದೆ, ಪಕ್ಕಕ್ಕೆ ಹೋಗು." ಹೀಗೆ ಪಕ್ಕಕ್ಕೆ ಹೋಗಿ ಹೋಗಿ ಚಿಕ್ಕಮ್ಮ ಒಂದು ಫೋಟೋದಲ್ಲೂ ಇಲ್ಲ. ಎಲ್ಲೋ ಅಂಚಿನಲ್ಲಿ ಅವಳ ಮೊಣಕೈ ಕಾಣುತ್ತದೆ, ಅಷ್ಟೆ. ಕೇಳಿದಾಗಲೆಲ್ಲ ಚಿಕ್ಕಪ್ಪನದು ಒಂದೇ ಮಾತು, "ತಾಳೇ, ನಿಂದು ತೆಗೀತೀನಿ. ಬೆಳಕು ಸರಿಯಾಗಿ ಬರ್ಲಿ."

"ಸೂರ್ಯ ಹುಟ್ಟಿದಾಗಿಂದ ಬರ್ತಾನೇ ಇದೆ ಬೆಳಕು," ಅನ್ನುತ್ತಿದ್ದಳು ಚಿಕ್ಕಮ್ಮ.

ಆಮೇಲೆ ಒಂದು ಮದುವೆಮನೆಯಲ್ಲಿ ಅವನ ಕೈಯಿಂದ ಲೆನ್ಸು ಜಾರಿ ಬಿತ್ತು. ಬೆರಳಿನಲ್ಲಿ ಶುರುವಾದದ್ದು ತೋಳಿಗೆ, ಕಾಲಿಗೆ, ನಾಲಿಗೆಗೆ ಏರಿತು. ಸ್ನಾಯುಗಳಿಗೆ ಮಾತು ಮುಟ್ಟಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಅಜ್ಜಿ ಬದುಕಿದ್ದರೆ ಅವಳಿಗೆ ಯಾವ ಡಾಕ್ಟರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲಿಗೆ ಪೂರ್ತಿ ಬೀಳುವ ಮೊದಲು ಚಿಕ್ಕಪ್ಪ ತೊದಲುತ್ತ ಹೇಳಿದ ಕೊನೆಯ ಉದ್ದ ಮಾತು ನನಗೆ ಕೇಳಿಸಿದೆ, "ಇವಳದೊಂದು ಫೋಟೋ ತೆಗೀದೆ ಆ ಕ್ಯಾಮೆರಾ ಕೆಳಗಿಡಲ್ಲ. ಮಾತು ಕೊಟ್ಟಿದೀನಿ." ನಾನು ಹೇಳಿದೆ, "ನಾನು ತೆಗೆಸ್ತೀನಿ ಚಿಕ್ಕಪ್ಪ." ಕನಸಿನಲ್ಲಿ ಓಡಾಡುವವಳ ಬಾಯಿಂದ ಇಂಥ ಮಾತು ಸುಲಭವಾಗಿ ಉದುರುತ್ತದೆ.

ನಮ್ಮ ಕೋಣೆಯ ಹಿರಿಯ ವೈದ್ಯೆಯನ್ನು ಎಲ್ಲರೂ ಮೇಡಂ ಅನ್ನುತ್ತೇವೆ. ಮೇಡಂ ಒಪ್ಪಿದರು. ನಮ್ಮ ಇಂಜಿನಿಯರ್ ಸಣ್ಣಗೆ ಉದ್ದಕ್ಕಿದ್ದು ಸದಾ ತಂತಿಗಳ ನಡುವೆ ಇರುವುದರಿಂದ ಅವನ ಹೆಸರು ತಂತಿ. ತಂತಿ ಚಿಕ್ಕಪ್ಪನ ಹಳೆಯ ಕ್ಯಾಮೆರಾವನ್ನು ಗಾಲಿಕುರ್ಚಿಯ ಮುಂದೆ ಒಂದು ಕಂಬಿಗೆ ಬಿಗಿದು, ಗುಂಡಿಯ ಮೇಲೆ ಪುಟ್ಟ ಮೋಟಾರು ಕೂರಿಸಿದ. ಕ್ಯಾಮೆರಾ ಕಂಡದ್ದು ಚಿಕ್ಕಪ್ಪನಿಗೂ ಕಾಣಲೆಂದು ಪಕ್ಕದಲ್ಲಿ ಸಣ್ಣ ಪರದೆ. ಎದುರಿನ ಕುರ್ಚಿಯಲ್ಲಿ ಚಿಕ್ಕಮ್ಮ.

ನಾನು ಟೋಪಿ ಹಾಕುತ್ತಿದ್ದಾಗ ತಂತಿ ಹೇಳಿದ, "ಸರ್, ಬೋಳು ತಲೆ ಅಂದ್ರೆ ನಮ್ಮ ಕಸುಬಿಗೆ ಬಂಗಾರ. ತಂತಿಗೆ ಏನೂ ಅಡ್ಡ ಬರಲ್ಲ."

"ಮದುವೆ ಆದಾಗಿಂದ ಇವರ ತಲೆಯೊಳಗೆ ಏನಿದೆ ಅಂತ ನನಗೇ ತಿಳಿದಿಲ್ಲ," ಅಂದಳು ಚಿಕ್ಕಮ್ಮ. "ನಿನ್ನ ಟೋಪಿಗೆ ತಿಳಿಯತ್ತೇನಪ್ಪಾ?"

ಚಿಕ್ಕಪ್ಪನ ಕಣ್ಣು ನಕ್ಕಿತು. ಅವನಲ್ಲಿ ಆಗ ಆಡುತ್ತಿದ್ದದ್ದು ಕಣ್ಣು, ರೆಪ್ಪೆ, ಅಷ್ಟೆ. ರೆಪ್ಪೆ ಒಮ್ಮೆ ಮುಚ್ಚಿದರೆ ಹೂಂ, ಎರಡು ಸಲ ಮುಚ್ಚಿದರೆ ಊಹೂಂ. ಹಾಗಾದರೆ ರೆಪ್ಪೆಯಿಂದಲೇ ಕ್ಯಾಮೆರಾ ನಡೆಸಬಹುದಲ್ಲ, ಟೋಪಿಯ ರಾಮಾಯಣ ಯಾಕೆ ಎಂದು ತಂತಿ ಮೊದಲ ದಿನವೇ ಕೇಳಿದ್ದ. ಚಿಕ್ಕಪ್ಪ ಎರಡು ಸಲ ಮುಚ್ಚಿದ್ದ, ಜೋರಾಗಿ. ನನಗೆ ಕಾರಣ ಗೊತ್ತಿತ್ತು. ಒತ್ತುವ ಹೊತ್ತಿಗೆ ಕಣ್ಣು ಮುಚ್ಚುವವನು ಫೋಟೋಗ್ರಾಫರೇ ಅಲ್ಲ ಎಂದು ಅವನು ಸ್ಟುಡಿಯೋಗೆ ಕಲಿಯಲು ಬಂದವರನ್ನೆಲ್ಲ ಬೈದದ್ದುಂಟು.

ಕಲಿಸುವ ಕೆಲಸ ಶುರುವಾಯಿತು. ಪರದೆಯ ಮೇಲೆ ಒಂದು, ಎರಡು, ಮೂರು ಎಂದು ಅಂಕಿಗಳು ಬರುತ್ತವೆ. ಮೂರು ಬಂದಾಗ ಚಿಕ್ಕಪ್ಪ ಮನಸ್ಸಿನಲ್ಲಿ ಗುಂಡಿ ಒತ್ತಬೇಕು. ಮೂರಕ್ಕೆ ತುಸು ಮುಂಚಿನ ತುಣುಕನ್ನು ಕತ್ತರಿಸಿ, "ನೋಡಪ್ಪಾ, ಮನಸ್ಸು ಬಂದರೆ ಹೀಗಿರುತ್ತೆ" ಎಂದು ಕಂಪ್ಯೂಟರಿಗೆ ಉಣಿಸಬೇಕು. ಎಲ್ಲ ರೋಗಿಗಳಿಗೂ ಹೀಗೇ ಮಾಡುತ್ತ ಬಂದಿದ್ದೇವೆ. ದಿನವೂ ಒಂದು-ಎರಡು-ಮೂರು. ಸಾಕಷ್ಟು ಉಣಿಸಿದ ಮೇಲೆ ಒಂದು ಮಧ್ಯಾಹ್ನ ಮೋಟಾರಿಗೆ ಜೀವ ಕೊಟ್ಟೆವು. ಚಿಕ್ಕಮ್ಮ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ನೀಲಿ ಸೀರೆಯುಟ್ಟು ಕೂತಿದ್ದಳು.

ಟಕ್ಕೆಂದಿತು.

"ಆಯ್ತಾ? ಆಯ್ತೇನ್ರೀ?" ಚಿಕ್ಕಮ್ಮ ಎದ್ದೇಬಿಟ್ಟಳು.

"ಚಿಕ್ಕಪ್ಪ, ನೀನೇನಾ ಒತ್ತಿದ್ದು?" ಎಂದೆ.

ಎರಡು ಸಲ ಮುಚ್ಚಿದ.

ಮತ್ತೆ ಟಕ್. ಮತ್ತೆ ಊಹೂಂ. ಅವನು ಒತ್ತಿದೆನೆಂದಾಗ ಯಂತ್ರ ಸುಮ್ಮನಿರುತ್ತಿತ್ತು, ಅವನು ಸುಮ್ಮನಾದಾಗ ಯಂತ್ರ ಒತ್ತುತ್ತಿತ್ತು. ದಿನಗಳು ಹೀಗೇ ಹೋದವು. ಚಿಕ್ಕಮ್ಮ ಗೆರೆ ಎಳೆದಂತೆ ನೆಟ್ಟಗೆ ಕೂರುವಳು, ಯಂತ್ರ ಟಕ್ಕೆನ್ನುವುದು, ಅವನು ಒಲ್ಲೆನೆನ್ನುವನು.

"ಹೂಂ ಅಂದ್ಬಿಡಿ ಅತ್ಲಾಗೆ," ಚಿಕ್ಕಮ್ಮ ರೇಗಿದಳು. "ಫೋಟೋ ಚೆನ್ನಾಗೇ ಬಂದಿದೆಯಲ್ಲ! ಯಾರು ಒತ್ತಿದ್ರೇನು, ಕ್ಯಾಮೆರಾ ನಿಮ್ದೇ ತಾನೆ?"

ಊಹೂಂ.

"ನೋಡಿದ್ಯೇನೇ? ಕೈ ಬಿದ್ದೋಯ್ತು, ಕಾಲು ಬಿದ್ದೋಯ್ತು, ಹಟ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದೆ."

ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಕೆಲವರ ಸಿಗ್ನಲ್ ಸಿಗೋದೇ ಇಲ್ಲಮ್ಮ. ಯಾಕೆ ಅಂತ ನಮಗೂ ಗೊತ್ತಿಲ್ಲ. ಇನ್ನೊಂದು ಮಾತು. ಅವರ ರೆಪ್ಪೆ ಗಮನಿಸಿದ್ರಾ? ನಿಧಾನ ಆಗ್ತಿದೆ. ಈ ಕಾಯಿಲೆಯಲ್ಲಿ ಕಣ್ಣು ಕೊನೆವರೆಗೂ ಉಳಿಯತ್ತೆ ಅಂತಾರೆ. ಎಲ್ಲರಿಗೂ ಹಾಗಾಗಲ್ಲ."

ನಾನು ಗಮನಿಸಿದ್ದೆ. ಗಮನಿಸಿ, ಗಮನಿಸದವಳ ಹಾಗೆ ಇದ್ದೆ. ರೆಪ್ಪೆ ನಿಂತರೆ ಯಂತ್ರ ಎಷ್ಟು ಸಲ ಟಕ್ಕೆಂದರೂ ಅದು ಚಿಕ್ಕಪ್ಪನೋ ಅಲ್ಲವೋ ಎಂದು ಹೇಳುವವರು ಈ ಲೋಕದಲ್ಲಿ ಇರುವುದಿಲ್ಲ. ಗೋಡೆಗೆ ಕಿವಿಯಿಟ್ಟ ಹುಡುಗಿ ತನಗೆ ತೋಚಿದ್ದನ್ನು ಹೇಳಬಹುದು. ಬಾಗಿಲು ತೆರೆಯಬಹುದು. ಒಳಗಿನ ರಾಜ ಹಲ್ಲು ಕಚ್ಚಿ ಕೂತಿರಬಹುದು.

ಅವತ್ತು ಬೋಗುಣಿಯಲ್ಲಿ ಟೋಪಿಯ ಅಂಟು ತೊಳೆಯುತ್ತಿದ್ದಾಗ ಚಿಕ್ಕಮ್ಮ ಪಕ್ಕಕ್ಕೆ ಬಂದು ನಿಂತಳು. ನಲ್ಲಿಯ ಸದ್ದಿನಲ್ಲಿ ಅವನಿಗೆ ಕೇಳಿಸದೆಂಬ ಧೈರ್ಯ.

"ಆ ಮೋಟಾರು ನೀನೇ ಒತ್ತಿಸಬಹುದಲ್ವೇನೇ? ಕಂಪ್ಯೂಟರಿಂದ?"

"ಒತ್ತಿಸಬಹುದು."

"ಒತ್ತಿಸಿಬಿಡೇ ಮತ್ತೆ. ಅವರು ಮನಸ್ಸು ಮಾಡಿದ ಹೊತ್ತು ನೋಡಿಕೊಂಡು ಒತ್ತಿಬಿಡು. ಅವರಿಗೇನು ಗೊತ್ತಾಗತ್ತೆ?"

"ಅವನು ಮನಸ್ಸು ಮಾಡಿದ ಹೊತ್ತು ನನಗೆ ಗೊತ್ತಾಗೋ ಹಾಗಿದ್ರೆ ಈ ಟೋಪಿ ಯಾಕೆ ಬೇಕಿತ್ತು ಚಿಕ್ಕಮ್ಮ?"

ಅವಳು ಸೆರಗಿನಿಂದ ನನ್ನ ಒದ್ದೆ ಕೈ ಒರೆಸಿದಳು, ಚಿಕ್ಕವಳಿದ್ದಾಗ ಒರೆಸುತ್ತಿದ್ದ ಹಾಗೆ. "ನನಗೆ ಫೋಟೋ ಬೇಕಾಗಿಲ್ಲ ಕಣೇ. ಈ ಮುಖ ಇಟ್ಕೊಂಡು ಏನು ಮಾಡ್ಲಿ? ತೆಗೆದೆ ಅಂತ ಅವರಿಗೆ ಅನ್ನಿಸಿದ್ರೆ ಸಾಕು." ನಾನು ಟೋಪಿಯನ್ನು ಮತ್ತೆ ನಲ್ಲಿಯಡಿ ಹಿಡಿದೆ.

ಭಾನುವಾರ ಅವರ ಮನೆಗೆ ಹೋದೆ, ಚಿಕ್ಕಪ್ಪನಿಗೆ ತಲೆಸ್ನಾನ ಮಾಡಿಸಲು ಕೈಜೋಡಿಸಲೆಂದು. ಅವನನ್ನು ಒರೆಸಿ, ಮಗ್ಗುಲು ತಿರುಗಿಸಿ, ದಿಂಬು ಕೊಟ್ಟು ಮಲಗಿಸಿದ ಮೇಲೆ ನಡುಮನೆಯ ಗೋಡೆಗೆ ಒರಗಿ ಕೂತೆ. ಎದುರು ಗೋಡೆಯಲ್ಲಿ ನಮ್ಮ ಕುಟುಂಬದ ದೊಡ್ಡ ಫೋಟೋ. ನಡುವೆ ಅಜ್ಜಿ, ಸುತ್ತ ನಾವೆಲ್ಲ, ಅಂಚಿನಲ್ಲಿ ದೀಪ ಹಿಡಿದ ಮೊಣಕೈ. ಅದರಲ್ಲಿ ಒಬ್ಬರೂ ನಗುತ್ತಿಲ್ಲ. ನಗಲು ಹೊರಟಿದ್ದಾರೆ. ಅಪ್ಪನ ಬಾಯಿ ಅರ್ಧ ತೆರೆದಿದೆ, ಅಮ್ಮ ಸೆರಗು ಎಳೆದುಕೊಳ್ಳುತ್ತಿದ್ದಾಳೆ, ಅಜ್ಜಿ ಯಾರಿಗೋ ಏನೋ ಹೇಳುತ್ತಿದ್ದಾಳೆ. ಫೋಟೋದಲ್ಲಿ ಈಗಲೂ ಅಜ್ಜಿಯ ಮಾತು ಮುಗಿದಿಲ್ಲ.

"ಸಂತೆಯಲ್ಲಿ ಬುಟ್ಟಿಗೆ ಸುರಿದ ಮೀನುಗಳ ಹಾಗಿದೀವಿ ಎಲ್ಲರೂ," ಎಂದೆ.

ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ ನಕ್ಕಳು. "ಇನ್ನೇನಾಗತ್ತೆ? ಅವರು ಮೂರು ಅನ್ನೋವರೆಗೆ ಕಾಯೋ ಆಸಾಮಿನಾ? ಒಂದು, ಎರಡು, ಟಕ್! ಮುಗೀತು. ಮೂರು ಅಂದ್ಮೇಲೆ ಜನ ಸತ್ತ ಮುಖ ಹಾಕ್ಕೋತಾರಂತೆ. ಮುಖ ಇನ್ನೂ ತಯಾರಾಗಿರಬಾರದಂತೆ. ಮೂರು ಅನ್ನೋದು ಬರೀ ಬಾಯಿಮಾತಿಗೆ, ಆಗಲೇ ಕ್ಯಾಮೆರಾ ಕೆಳಗಿಳಿಸಿರ್ತಿದ್ರು. ನೀನು ಕಂಡಿಲ್ವೇನೇ?"

ಕಂಡಿದ್ದೆ. ಹುಟ್ಟಿದಾಗಿನಿಂದ ಕಂಡಿದ್ದೆ. ಬಗಲಲ್ಲೇ ಇದ್ದದ್ದನ್ನು ಊರೆಲ್ಲ ಹುಡುಕಿದ್ದೆ.

ಒಳಗೆ ಓಡಿದೆ. "ಚಿಕ್ಕಪ್ಪ, ಪರದೆ ಮೇಲೆ ಎರಡು ಬರ್ತಿದ್ದ ಹಾಗೇ ಒತ್ತಿಬಿಡ್ತಿದ್ಯಾ ನೀನು?"

ಚಿಕ್ಕಪ್ಪ ನನ್ನನ್ನು ನೋಡಿದ. ಮತ್ತಿನ್ನೇನು ಎನ್ನುವಂತಿತ್ತು ಆ ನೋಟ. ರೆಪ್ಪೆ ಒಮ್ಮೆ, ನಿಧಾನವಾಗಿ, ಮುಚ್ಚಿತು.

ಮೂರು ಎಂದು ಹೇಳಿದ್ದೆವು, ಹೂಂ ಅಂದಿದ್ದ. ಮಾಡಲು ಹೊರಟಾಗ ಅವನ ಕೈ ಮಾತ್ರ ತನ್ನ ಹಳೆಯ ಹೊತ್ತನ್ನೇ ಹಿಡಿದಿತ್ತು. ಆಡುವ ಕೈಯೆಲ್ಲಿ ಬಂತು? ಕೈ ಇಲ್ಲದ ಕೈ.

ಸೋಮವಾರ ತಂತಿ ಹಳೆಯ ಗೆರೆಗಳನ್ನೆಲ್ಲ ತೆರೆದು ಕೂತ. ಒಂದಕ್ಕೂ ಎರಡಕ್ಕೂ ನಡುವೆ ಅಲ್ಲಿ ಅದು ಇತ್ತು: ಮೆಲ್ಲಗೆ ಬಗ್ಗಿದ ಮಂಡಿ, ಬಡಕಲಾಗಿ, ಆದರೆ ಪ್ರತಿ ಸಲವೂ. ನಾವು ಕತ್ತರಿಸಿದ್ದ ತುಣುಕಿನಲ್ಲಿ, ಎರಡರ ಆಚೆ, ಗೆರೆ ಮೇಲೇರುತ್ತಿತ್ತು.

"ಅಯ್ಯೋ ಕಥೆಯಮ್ಮಾ," ಅಂದ ತಂತಿ. ಮಾತುಮಾತಿಗೆ ಅಜ್ಜಿಯ ಕಥೆ ತೆಗೆಯುವ ನನ್ನನ್ನು ಅವನು ಕರೆಯುವುದೇ ಹಾಗೆ. "ನಾವು ಕಂಪ್ಯೂಟರಿಗೆ ಕಲಿಸಿರೋದು ಸರ್ ಒತ್ತೋ ಮನಸ್ಸನ್ನಲ್ಲ. ಒತ್ತಿ ಆಯ್ತು ಅಂತ ಕೈಬಿಡ್ತಾರಲ್ಲ, ಅದನ್ನ. ಅದಕ್ಕೇ ಅವರು ಬಿಟ್ಟಾಗ ಇದು ಹಿಡಿಯೋದು."

ತುಣುಕನ್ನು ಹಿಂದಕ್ಕೆ ಸರಿಸಿ ಮತ್ತೆ ಉಣಿಸಿದೆವು. ಅಂಕಿಗಳನ್ನು ಅಳಿಸಿಬಿಟ್ಟೆವು. "ಸರ್, ನಿಮಗೆ ತೋಚಿದಾಗ ಒತ್ತಿ," ಅಂದ ತಂತಿ. ಮೊದಲು ಗೋಡೆಯ ಗಡಿಯಾರಕ್ಕೆ ಕ್ಯಾಮೆರಾ ತಿರುಗಿಸಿದೆವು. ಟಕ್. ಹೂಂ. ತಂತಿಯ ಮುಖಕ್ಕೆ ತಿರುಗಿಸಿದೆವು. ಟಕ್. ಹೂಂ. ಅದರಲ್ಲಿ ತಂತಿ ಸೀನಲು ಹೊರಟಿದ್ದ. ಎಲ್ಲ ಸಲವೂ ಸರಿಯಾಗುತ್ತಿರಲಿಲ್ಲ, ನಡುನಡುವೆ ಸುಳ್ಳು ಟಕ್‌ಗಳಿದ್ದವು. ಆದರೂ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಕಥೆ ಮುಗಿಯಿತೆಂದುಕೊಂಡೆ. ಅಜ್ಜಿಯ ಕಥೆಯಲ್ಲಿ ಹುಡುಗಿಗೆ ಸರಿಯಾಗಿ ಕೇಳಿಸಿದರೆ ಬಾಗಿಲು ತೆರೆಯುತ್ತದೆ.

ಚಿಕ್ಕಮ್ಮ ನೀಲಿ ಸೀರೆಯುಟ್ಟು ಎದುರು ಕೂತಳು. ಕ್ಯಾಮೆರಾ ಸುಮ್ಮನಿತ್ತು. ಮಾರನೆಯ ದಿನ ಕೂತಳು. ಸುಮ್ಮನಿತ್ತು. ಒಮ್ಮೆ ಟಕ್ಕೆಂದಿತು. ಊಹೂಂ ಅಂದ. ಗಡಿಯಾರಕ್ಕೆ ತಿರುಗಿಸಿದರೆ ಕೆಲಸ ಮಾಡುತ್ತಿತ್ತು. ಚಿಕ್ಕಮ್ಮನ ಕಡೆ ತಿರುಗಿಸಿದರೆ ಇಲ್ಲ.

"ಮೆಷಿನ್ ಕೈ ಕೊಡ್ತಿದ್ಯೋ, ಸರ್ರೇ ಬೇಕಂತ ಒತ್ತುತಾ ಇಲ್ವೋ, ಹೇಗೆ ಹೇಳೋದು?" ತಂತಿ ತಲೆ ಕೆರೆದುಕೊಂಡ.

"ಚಿಕ್ಕಪ್ಪ, ಒತ್ತೋಕೆ ನೋಡ್ತಿದೀಯಾ?"

ಊಹೂಂ.

"ಯಾಕೆ? ಬೆಳಕು ಸರಿಯಿಲ್ವಾ?"

ಊಹೂಂ.

"ಮತ್ತೇನು?"

ಹೂಂ-ಊಹೂಂಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಚಿಕ್ಕಮ್ಮ ಮಾತ್ರ ಅವನನ್ನೇ ನೋಡುತ್ತ ಬೆನ್ನು ನೆಟ್ಟಗೆ ಮಾಡಿಕೊಂಡಳು, ತುಟಿ ತಿದ್ದಿಕೊಂಡಳು, ಇನ್ನಷ್ಟು ಗಟ್ಟಿಯಾಗಿ ಕೂತಳು. "ನಗಲೇನ್ರೀ? ಹೀಗೆ ನಗಲಾ?" ಅವಳ ನಗು ಗೂಟ ಹೊಡೆದು ನಿಲ್ಲಿಸಿದ ಹಾಗಿತ್ತು. ಹೀಗಲ್ಲ ಎಂದು ಹೇಳಬೇಕೆಂದುಕೊಂಡೆ. ಆದರೆ ಹೇಳಿದರೆ ಅವಳು ಹೇಳಿದ ಹಾಗೆ ಕೂರುತ್ತಾಳೆ. ಹೇಳಿ ಕೂರಿಸಿದ ಮುಖ ಅವನಿಗೆ ಎಂದಾದರೂ ಬೇಕಿತ್ತೇ?

ಈ ನಡುವೆ ರೆಪ್ಪೆ ಸೋಲತೊಡಗಿತು. ಒಂದು ಸಲ ಮುಚ್ಚಿ ತೆರೆಯುವಷ್ಟರಲ್ಲಿ ಅವನ ಹಣೆಯ ಮೇಲೆ ಬೆವರೊಡೆಯುತ್ತಿತ್ತು. ಎರಡನೆಯದು ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಆಗ ಅದು ಹೂಂ ಆಗಿತ್ತೋ, ಮುಗಿಯದ ಊಹೂಂ ಆಗಿತ್ತೋ ತಿಳಿಯುವುದು ಹೇಗೆ? ಹುಡುಗಿಗೆ ತಪ್ಪಾಗಿ ಕೇಳಿಸಿದರೆ ಎಂದು ಅವತ್ತು ಅಜ್ಜಿಯನ್ನು ಕೇಳಿದ್ದ ಪ್ರಶ್ನೆ ಈಗ ನನ್ನೆದುರಿಗೇ ಬಂದಿತ್ತು. ಕಡೆಗೆ ನಾನೇ ಹೇಳಿದೆ, "ಚಿಕ್ಕಪ್ಪ, ಇವತ್ತಿಂದ ಉಲ್ಟಾ ಮಾಡೋಣ. ಒಂದು ಸಲ ಮುಚ್ಚಿದ್ರೆ ಊಹೂಂ. ಎರಡು ಸಲ ಮುಚ್ಚಿದ್ರೆ ಹೂಂ. ಅಪ್ಪಿತಪ್ಪಿ ಹೂಂ ಅನ್ನಿಸಿಕೊಳ್ಳೋದು ಬೇಡ."

"ಸರಿಯಾಯ್ತು," ಅಂದಳು ಚಿಕ್ಕಮ್ಮ. "ಇಲ್ಲ ಅನ್ನೋದು ಅವರಿಗೆ ಮೊದಲಿಂದ್ಲೂ ಸಲೀಸು."

ಹೇಳಿ ನಗಲು ಹೊರಟವಳು ನಗಲಿಲ್ಲ. ಚಿಕ್ಕಪ್ಪ ಎರಡು ಸಲ ಮುಚ್ಚಿದ, ಒಪ್ಪಿಗೆ ಎಂದು. ಎರಡನೆಯದು ಬರುವವರೆಗೆ ನಾನು, ಚಿಕ್ಕಮ್ಮ, ತಂತಿ ಮೂವರೂ ಅವನ ರೆಪ್ಪೆಯನ್ನೇ ನೋಡುತ್ತಿದ್ದೆವು.

ಆಮೇಲೆ ಬರೀ ಒಂದೊಂದೇ. ಟಕ್, ಒಂದು. ಟಕ್, ಒಂದು. ಗಡಿಯಾರಕ್ಕೆ ತಿರುಗಿಸಿದರೂ ಒಂದೇ. ಊಹೂಂ ಅನ್ನುತ್ತಿದ್ದನೋ, ಎರಡು ಆಗುತ್ತಿರಲಿಲ್ಲವೋ. ನನ್ನ ಜಾಣತನವೇ ನನ್ನ ಕುತ್ತಿಗೆಗೆ ಬಂದಿತ್ತು. ಅವನ ಕಣ್ಣೆದುರು ನಿಲ್ಲುವುದೂ ನನ್ನಿಂದಾಗುತ್ತಿರಲಿಲ್ಲ. ಟೋಪಿ ಸರಿಪಡಿಸುವ ನೆವದಲ್ಲಿ ಬೆನ್ನ ಹಿಂದೆಯೇ ನಿಲ್ಲುತ್ತಿದ್ದೆ.

ಆ ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ಚಿಕ್ಕಮ್ಮನ ಮಡಿಲಲ್ಲಿ ಬಿದ್ದಿತ್ತು. ಅವಳು ನೀಲಿ ಸೀರೆ ಉಟ್ಟಿರಲಿಲ್ಲ. "ಅದನ್ನ ಒಗೆದು ಒಗೆದು ನನ್ನ ಕೈ ಸೋತಿದೆ," ಎಂದು ಮನೆಯಲ್ಲಿ ಉಡುವ ಮಾಸಲು ಸೀರೆಯಲ್ಲೇ ಬಂದಿದ್ದಳು. ಕೂತು ಬೆನ್ನು ನೆಟ್ಟಗೆ ಮಾಡಿಕೊಂಡಳು, ಹಾಗೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಎಲ್ಲೋ ಹೋಯಿತು.

"ನಲ್ಲಿ ನಿಲ್ಲಿಸಿದ್ನೋ ಇಲ್ವೋ," ಅಂದಳು ತನ್ನಷ್ಟಕ್ಕೆ. ಆಮೇಲೆ ನನ್ನ ಕಡೆ, "ಅಲ್ಲ ಕಣೇ, ಬೆಳಿಗ್ಗೆ ನೀರು ಹೋಗಿತ್ತು, ತಿರುಗಿಸಿಟ್ಟು ಹಾಗೇ ಬಂದೆ ಅನ್ಸತ್ತೆ. ಈಗ ನೀರು ಬಂದಿರತ್ತೆ. ಅಯ್ಯೋ ಮನೆಯೆಲ್ಲ..."

ಮುಂದಕ್ಕೆ ಬಗ್ಗಿ ಅರ್ಧ ಎದ್ದಳು. ಒಂದು ಕೈ ಕುರ್ಚಿಯ ಮೇಲೆ, ಇನ್ನೊಂದು ಬಾಗಿಲ ಕಡೆ. ಬಾಯಿ ತೆರೆದಿತ್ತು. ಬಿಸಿಲು ಮಡಿಲಿನಿಂದ ಎದ್ದು ಅವಳ ಮುಖಕ್ಕೆ ಹತ್ತಿತು.

ಟಕ್.

ತಂತಿ ಪರದೆಯಿಂದ ತಲೆಯೆತ್ತಿದ.

"ಥೂ," ಚಿಕ್ಕಮ್ಮ ಅಂದಳು. "ಬಾಯಿ ತೆರ್ಕೊಂಡಿದ್ದೆ ಕಣೇ. ಅಳಿಸಿಹಾಕು ಅದನ್ನ."

ನಾನು ಚಿಕ್ಕಪ್ಪನ ಎದುರಿಗೆ ಬಂದೆ. ಎಷ್ಟೋ ದಿನಗಳ ಮೇಲೆ ಅವನ ಕಣ್ಣೆದುರು ಮಂಡಿಯೂರಿದೆ. "ಚಿಕ್ಕಪ್ಪ, ನೀನೇನಾ?"

ರೆಪ್ಪೆ ನಡುಗಿತು. ಇಳಿಯಿತು. ಬಹಳ ಹೊತ್ತು ಕೆಳಗೇ ಇತ್ತು. ಏರಿತು.

ಒಂದು.

ಕಾದೆವು. ತಂತಿ ನೆಲ ನೋಡುತ್ತಿದ್ದ. ಏನೂ ಆಗಲಿಲ್ಲ. ಹಣೆಯ ಬೆವರು ಟೋಪಿಯ ಅಂಚಿನಿಂದ ಇಳಿದು ಅವನ ಹುಬ್ಬಿಗೆ ಬಂತು. ಅದನ್ನು ಒರೆಸಲೂ ನನಗೆ ಭಯ, ನನ್ನ ಕೈ ತಗುಲಿ ಅವನ ರೆಪ್ಪೆ ಮುಚ್ಚಿದರೆ ಆ ಹೂಂ ಯಾರದ್ದಾದೀತು?

"ಹೋಗ್ಲಿ ಬಿಡಿ," ಚಿಕ್ಕಮ್ಮ ಮೆತ್ತಗೆ ಅಂದಳು. "ದಣೀಬೇಡಿ. ನಾಳೆ ನೋಡೋಣ." ಮತ್ತೆ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

ಆಗ ರೆಪ್ಪೆ ಮತ್ತೆ ನಡುಗಿತು. ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದ, ಒಬ್ಬನೇ ಮನುಷ್ಯ ಕೋಟೆಯ ಬಾಗಿಲನ್ನು ಎಳೆಯುವ ಹಾಗೆ, ಪೂರ್ತಿ ಮುಚ್ಚಿತು.

ಹೂಂ.